ಎರಡು ಬೆರಳು ಜಾಗ

ಅಗಸೆ ಎಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಅಗಸಿ ಹಿಂಡಿ, ಬಿಸಿ ರೊಟ್ಟಿ ನೆನಪಾಗಬಹುದು. ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಹೋದ ತಿಂಗಳು ತಂಗಿಯ ಬಸುರಿ ಮೊಮ್ಮಗಳ ಕುಬಸಕ್ಕೆಂದು ಕಮಲಾಪುರಕ್ಕೆ ಹೋದಾಗಲೂ ಹಾಗೇ ಆಯಿತು. ಊಟ ಮುಗಿಸಿ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಹಳೆಯ ಹತ್ತಿ ಕಾರಖಾನೆಯ ಗೋಡೆ ಹಿಡಿದು ಬರುತ್ತಿದ್ದೆ. ಒಳಗಿನಿಂದ ಆ ವಾಸನೆ ಬಂತು. ಅಗಸೆ ಎಣ್ಣೆಯಲ್ಲಿ ಕೆಂಪು ಸಿಂಧೂರ ಕಲಸಿ ಕೊಳವೆಯ ಜಾಯಿಂಟಿಗೆ ಹಚ್ಚುವ ಮೆತ್ತೆ ಅದು. ಆ ಮೆತ್ತೆಯ ಕಲೆ ಹತ್ತಿದ ಧೋತರ ಒಗೆದು ಒಗೆದು ನನ್ನ ಅರ್ಧ ಆಯುಷ್ಯ ಕಳೆದಿದೆ. ನನಗೆ ಗೊತ್ತಾಗದೆ ಇರುತ್ತದೆಯೇ?

ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಮುದುಕಿಯಾಗುವುದರಲ್ಲಿ ಇರುವ ಸುಖ ಇದೊಂದೇ. ಅಂಗಳದಲ್ಲಿ ಕಲ್ಲಿನ ಕಂಬಗಳ ಮೇಲೆ ಆ ಹಬೆಯ ಕೊಳವೆ ಇನ್ನೂ ಇತ್ತು. ಬಾಯ್ಲರ್ ಮನೆಯಿಂದ ನೆಟ್ಟಗೆ ಹೊರಟು, ನಡುವೆ ಬಂದಮೇಲೆ ದಾರಿ ಬಿಟ್ಟು ಪಕ್ಕಕ್ಕೆ ತಿರುಗಿ, ಕುದುರೆ ಲಾಳದ ಹಾಗೆ ಒಂದು ಸುತ್ತು ಹಾಕಿ, ಮತ್ತೆ ಅದೇ ಸಾಲಿಗೆ ಸೇರಿ ಇಂಜಿನ್ ಮನೆಗೆ ಹೋಗುವ ಕೊಳವೆ. ಅದರ ಕೆಳಗೆ ಮೆತ್ತೆ ಕಲಸುತ್ತ ಕೂತಿದ್ದ ಫಿಟ್ಟರ್ ತಲೆ ಎತ್ತಿ ನೋಡಿದ.

"ಏನ್ ನೋಡಾಕತ್ತೀರಿ ಅಮ್ಮಾ?"

"ಆ ಡೊಂಕು ನೋಡಾಕತ್ತೀನಪ್ಪ."

"ಬಂದವರೆಲ್ಲ ಅದನ್ನೇ ನೋಡ್ತಾರ್ರೀ. ಯಾಕ ಮಾಡ್ಯಾರ ಅಂಬೋದು ನನಗ ಗೊತ್ತದ. ಯಾರ್ ಮಾಡ್ಯಾರ ಅಂಬೋದು ಮಾತ್ರ ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಹಳಬರು, ನಿಮಗೇನರೆ ಗೊತ್ತದೇನ್ರಿ?"

ಗೊತ್ತಿತ್ತು. ಆದರೆ ಬಾಯಿ ಏಳಲಿಲ್ಲ. ಮಾಡಿದವರು ನಮ್ಮವರು. ನಮ್ಮ ಕಾಲದ ಹೆಂಗಸು ಗಂಡನ ಹೆಸರನ್ನು ಹಾಗೆಲ್ಲ ಸಲೀಸಾಗಿ ಹೇಳುವವಳಲ್ಲ. ಹತ್ತಿಯ ಮೂಟೆಯೊಂದರ ಮೇಲೆ ಕೂತುಬಿಟ್ಟೆ, ಆ ಚಳಿಗಾಲವೆಲ್ಲ ಕಣ್ಣೆದುರಿಗೆ ಬಂತು.

ಆಗ ನಮ್ಮ ಮನೆ ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ನಿಜಾಮರ ರಾಜ್ಯ. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಯಾವುದು ಬಾಯಿಗೆ ಬಂದರೆ ಅದು. ನಮ್ಮಪ್ಪ ಓಣಿಯ ಮಕ್ಕಳಿಗೆ ಅಕ್ಷರ ಹೇಳುತ್ತಿದ್ದುದರಿಂದ ಬಾಗಿಲ ಮರೆಯಲ್ಲಿ ಕೂತ ನನಗೂ ನಾಲ್ಕು ಅಕ್ಷರ ಬಂದಿದ್ದವು. ನಮ್ಮವರು ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಕಲಿತು ಬಂದ ಫಿಟ್ಟರ್. ದೊಡ್ಡ ಕೆಲಸಗಾರ, ಅದು ತನಗೆ ಚೆನ್ನಾಗಿ ಗೊತ್ತಿದ್ದ ಕೆಲಸಗಾರ. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು "ಅಂಚು ದಪ್ಪ ಆತು" ಎನ್ನುತ್ತಿದ್ದರು. "ಹಂಗಾದ್ರ ನೀವೇ ಬಡೀರಿ" ಎಂದರೆ ತೆಪ್ಪಗೆ ಉಣ್ಣುತ್ತಿದ್ದರು.

ಜರ್ಮನಿಯ ದೊಡ್ಡ ಕಾಳಗ ಶುರುವಾಗುವ ಮುಂಚಿನ ಚಳಿಗಾಲ ಅದು. ಕಮಲಾಪುರದ ಸಾವ್ಕಾರ ಬಸಣ್ಣಪ್ಪನವರು ಹೊಸದಾಗಿ ಹತ್ತಿಯ ಬೀಜ ಬಿಡಿಸುವ ಕಾರಖಾನೆ ಹಾಕಿದ್ದರು. ಹಬೆಯ ಕೊಳವೆ ಒಡೆದಿದೆ, ಬಂದು ರಿಪೇರಿ ಮಾಡಬೇಕು, ಹಂಗಾಮು ಮುಗಿಯುವ ತನಕ ಇರಬೇಕು ಎಂದು ಹೇಳಿ ಕಳಿಸಿದರು. ಚಕ್ಕಡಿಯಲ್ಲಿ ಪಾತ್ರೆ ಪಗಡೆ, ಕೌದಿ, ನಮ್ಮವರ ಹತಾರಗಳ ಪೆಟ್ಟಿಗೆ ಹಾಕಿಕೊಂಡು ಹೊರಟೆವು. ತಾಜಸುಲ್ತಾನಪುರದ ಹೊಲಗಳಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಮುಂದೆ ಹೋದಂತೆ ಕಪ್ಪು ನೆಲ ಹೋಗಿ ಕೆಂಪು ನೆಲ ಬಂತು, ದಾರಿ ಏರಿ ಇಳಿಯತೊಡಗಿತು. ಕಮಲಾಪುರ ಮುಟ್ಟುವಾಗ ಬಿಸಿಲು ಇಳಿದಿತ್ತು. ಊರ ಹೊರಗೆ ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಕಾರಖಾನೆ ನಿಂತಿದ್ದರಿಂದ ಅವೂ ನಿಂತಿದ್ದವು.

ಕೊಳವೆ ನೋಡುವುದಕ್ಕೆ ಮುಂಚೆ ನಾವು ನೋಡಿದ್ದು ಇಮಾಮಸಾಬನ ತೋಳು. ಬಾಯ್ಲರಿಗೆ ಬೆಂಕಿ ಹಾಕುವವನೂ ಅವನೇ, ಇಂಜಿನ್ ಮನೆಯ ಗೋಡೆಯ ಹತ್ತಿರ ನಿಂತು ಚಕ್ರ ತಿರುಗಿಸಿ ಹಬೆ ಬಿಡುವವನೂ ಅವನೇ. ಆ ಚಕ್ರದ ತಲೆಯ ಮೇಲೇ ಜಾಯಿಂಟು. ಹಿಂದಿನ ಅಮಾವಾಸ್ಯೆಯ ಮಾರನೆಯ ದಿನ ಅದು ಬಿರಿದು ಹಬೆ ಹೊಡೆದು, ಭುಜದಿಂದ ಮುಂಗೈವರೆಗೆ ಚರ್ಮ ಸುಲಿದಿತ್ತು. ಅವನ ಹೆಂಡತಿ ಹುಸೇನಬಿ ಲೋಳಸರದ ತಿರುಳು ಹಚ್ಚುತ್ತ ಕೂತಿದ್ದಳು.

"ಮಾರಿ ಈಕಡಿ ತಿರಗಿಸಿದ್ದಕ್ಕ ಉಳದಾನ" ಎಂದಳು. "ಮುಂದಿನ ಸಲ ಉಳಿತಾನಂತ ಯಾರ್ ಹೇಳ್ತಾರ? ಆ ಚಕ್ರಕ್ಕ ನಾ ಇನ್ನ ನನ್ನ ಗಂಡನ್ನ ಕಳಸಂಗಿಲ್ಲ ಯವ್ವಾ. ಸಾವ್ಕಾರ್ ಏನರೆ ಅನ್ಲಿ."

ಸಾವ್ಕಾರರು ಕೆಟ್ಟವರಲ್ಲ. ಇಮಾಮಸಾಬನ ಮನೆಗೆ ದಿನಾ ಎರಡು ಹೊತ್ತು ಹಾಲು ಅವರ ಮನೆಯಿಂದಲೇ ಹೋಗುತ್ತಿತ್ತು. ಆದರೆ ಕೊಳವೆಯ ವಿಷಯದಲ್ಲಿ ಅವರಿಗೆ ಗೊತ್ತಿದ್ದ ಮದ್ದು ಒಂದೇ: ಗಟ್ಟಿ ಕಟ್ಟುವುದು. ಮೊದಲು ಸೋರಿದಾಗ ಎರಡೂ ಕಡೆಯ ಗೋಡೆಗಳಿಗೆ ಗಾರೆ ತುಂಬಿಸಿ ಕೊಳವೆಯ ತುದಿ ಹೂತರು. ಮತ್ತೆ ಸೋರಿದಾಗ ಶಹಾಬಾದ ಕಲ್ಲಿನ ಕಂಬ ಎಬ್ಬಿಸಿ, ಕಂಬಕಂಬಕ್ಕೂ ಕಬ್ಬಿಣದ ಪಟ್ಟಿಯಿಂದ ಕೊಳವೆಯನ್ನು ಬಿಗಿದರು. ಎಷ್ಟು ಬಿಗಿದರೂ ಅಮಾವಾಸ್ಯೆಯ ಮಾರನೆಯ ದಿನ ಅದು ಬಾಯಿ ಬಿಡುತ್ತಿತ್ತು. ಬೇರೆ ದಿನ ಒಂದು ಹನಿ ಇಲ್ಲ! ಊರಿಗೆ ಇನ್ನೇನು ಬೇಕು? ಬೂದುಗುಂಬಳ ಒಡೆದರು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ನಾವು ಹೋದಾಗ ಆ ಕೊಳವೆಗೆ ಕಟ್ಟಿದ್ದ ನಿಂಬೆಹಣ್ಣಿನಲ್ಲಿ ಒಂದು ಮದುವೆಗಾಗುವಷ್ಟು ಉಪ್ಪಿನಕಾಯಿ ಹಾಕಬಹುದಿತ್ತು.

ನಮ್ಮವರು ಕೊಳವೆಯ ಉದ್ದಕ್ಕೂ ನಡೆದು, ಬಡಿದು, ಮುಟ್ಟಿ ನೋಡಿ ಬಂದು, "ಅಮಾವಾಸ್ಯಿನೇ ಖರೆ ಕಾರಣ ಅದರೀ" ಎಂದರು. ಸಾವ್ಕಾರರ ಮುಖ ಅರಳಿತು. "ಆದ್ರ ನಿಂಬಿಹಣ್ಣಿಗಿ ಬಗ್ಗಂಗಿಲ್ಲ" ಎಂದರು. ಅರಳಿದ ಮುಖ ಮುಚ್ಚಿತು.

ಸಂಗತಿ ಇಷ್ಟು. ಹಂಗಾಮಿನಲ್ಲಿ ಬಾಯ್ಲರನ್ನು ಆರಿಸುತ್ತಿರಲಿಲ್ಲ, ರಾತ್ರಿ ಕೆಂಡ ಮುಚ್ಚಿಟ್ಟು ಕಾವು ಉಳಿಸುತ್ತಿದ್ದರು. ಅಮಾವಾಸ್ಯೆ ದಿನ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಗಾಡಿ ಬರುವುದಿಲ್ಲ, ಆಳು ಬರುವುದಿಲ್ಲ. ಹಾಗಾಗಿ ಅಂದು ಮಾತ್ರ ಬೆಂಕಿ ತೆಗೆದು, ಒಳಗೆ ಕಟ್ಟಿದ ಸುಣ್ಣ ಕೆರೆದು ತೊಳೆಯುತ್ತಿದ್ದರು. ಅಂದು ಕೊಳವೆ ತಣ್ಣಗಾಗಿ ಕುಗ್ಗುತ್ತಿತ್ತು. ಮಾರನೆಯ ದಿನ ಕಾದು ಹಿಗ್ಗುತ್ತಿತ್ತು. ಕುಗ್ಗಲೂ ಹಿಗ್ಗಲೂ ಬಿಡದಂತೆ ಎರಡೂ ತುದಿ ಹೂತಿದ್ದರಿಂದ ಅದರ ಸಿಟ್ಟೆಲ್ಲ ಜಾಯಿಂಟಿನ ಮೇಲೆ ಬೀಳುತ್ತಿತ್ತು. ನಮ್ಮವರು ಇದನ್ನು ಹೇಳಿದಾಗ ಸಾವ್ಕಾರರು ನಕ್ಕುಬಿಟ್ಟರು. "ಕಬ್ಬಿಣ ಬೆಳಿಯಾಕ ಅದೇನು ಕೂಸೇನ್ರೀ ಫಿಟ್ಟರಪ್ಪ?"

ನಮ್ಮವರು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಸಾವ್ಕಾರರನ್ನು ಕಂಬಾರ ಮೌನಪ್ಪನ ಮನೆಯ ಮುಂದೆ ಕರೆದೊಯ್ದರು. ನಾವು ಬಾಡಿಗೆಗಿದ್ದದ್ದು ಅದೇ ಮನೆಯ ಹಿಂದಿನ ಕೋಣೆಯಲ್ಲಿ, ಹಾಗಾಗಿ ನಾನೂ ಹೊಸ್ತಿಲಲ್ಲಿ ನಿಂತು ನೋಡಿದೆ. ಮೌನಪ್ಪ ಅಂದು ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದ. ಬಯಲಲ್ಲಿ ಪಟ್ಟಿಯನ್ನು ಮಲಗಿಸಿ, ಸುತ್ತ ಸೆಗಣಿಯ ಕುಳ್ಳು ಹೇರಿ ಸುಟ್ಟಿದ್ದರು. "ಸಾವ್ಕಾರ್ರೇ, ಈ ಪಟ್ಟಿ ತಣ್ಣಗಿದ್ದಾಗ ಗಾಲಿಗಿ ಕೂಡ್ತದೇನ್ರಿ?" ಎಂದು ನಮ್ಮವರು ಕೇಳಿದರು. "ಎಲ್ಲಿ ಕೂಡ್ತದ, ಸಣ್ಣದಾಗ್ತದ" ಎಂದರು ಸಾವ್ಕಾರರು. ಅಷ್ಟರಲ್ಲಿ ಇಕ್ಕಳದಿಂದ ಎತ್ತಿದ ಕೆಂಪು ಪಟ್ಟಿ ಗಾಲಿಯ ಮೇಲೆ ಸಲೀಸಾಗಿ ಇಳಿಯಿತು. ಕೊಡಗಟ್ಟಲೆ ನೀರು ಸುರಿದರು. ಪಟ್ಟಿ ಕುಗ್ಗುತ್ತ ಕಟ್ಟಿಗೆಯ ಅರಗಳನ್ನೆಲ್ಲ ಒತ್ತಿ ಹಿಡಿಯುವಾಗ ಗಾಲಿ ಕಟಕಟನೆ ನರಳಿತು.

ಸಾವ್ಕಾರರು ಸಣ್ಣಂದಿನಿಂದ ನೂರು ಸಲ ನೋಡಿದ್ದ ಕೆಲಸ ಅದು. ಈಗ ಮಾತ್ರ ಹೊಸದಾಗಿ ನೋಡುತ್ತಿದ್ದರು. ಅವರ ದೊಡ್ಡತನ ಹೇಳಬೇಕು, ಒಮ್ಮೆ ತಿಳಿದಮೇಲೆ ಹಟ ಹಿಡಿಯುವ ಮನುಷ್ಯನಲ್ಲ. "ಅಲ್ರೀ, ಇಷ್ಟು ಜೋರಿನ್ಯಾಗ ಹಿಡಿತದಂದ್ರ, ಬೆಳಿವಾಗ ನನ್ನ ಗ್ವಾಡಿನ ಎಷ್ಟು ಜೋರಿನ್ಯಾಗ ದೂಡಬೇಕು ಅದು?" ಎಂದರು.

"ಅದ್ಕ ಹೇಳಾಕತ್ತೀನಿ, ಕಟ್ಟಬ್ಯಾಡ್ರಿ, ಬಿಡ್ರಿ. ತುದಿ ಎರಡು ಹಿಡಿದಿರ್ಲಿ. ನಡುವಿನ ಪಟ್ಟಿ ಎಲ್ಲಾ ಬಿಚ್ಚಿ, ಕಂಬದ ಮ್ಯಾಲ ಉರುಳಿ ಇಟ್ಟು ಪೈಪು ಮಲಗಿಸೂಣ. ನಟ್ಟನಡುವ ಒಂದು ಡೊಂಕು ಹಾಕೂಣ. ಬೆಳದಾಗ ಡೊಂಕು ಮುದುಡ್ತದ, ಕುಗ್ಗಿದಾಗ ಅರಳ್ತದ. ಜಾಯಿಂಟಿನ ತಂಟಿಗಿ ಹೋಗಂಗಿಲ್ಲ."

"ನಾಯಿ ಬಾಲ ನೆಟ್ಟಗ ಮಾಡ್ತೀನಂದವರನ್ನ ಕಂಡೀನಿ" ಎಂದರು ಸಾವ್ಕಾರರು, "ನೆಟ್ಟಗಿದ್ದದ್ದು ಡೊಂಕ ಮಾಡ್ತೀನಂದವರನ್ನ ಇವತ್ತೇ ಕಂಡೆ. ಆಗ್ಲಿ, ಮಾಡ್ರಿ. ಆದ್ರ ಇಮಾಮಸಾಬನ ಹೇಣ್ತಿ ಅವನ್ನ ಕಳಸಂಗಿಲ್ಲ ಅಂತಾಳ. ಚಕ್ರ ಯಾರ್ ತಿರಗಸ್ತಾರ?"

"ನಾ ಮಾಡಿದ ಪೈಪಿನ ಚಕ್ರ ನಾನೇ ತಿರಗಸ್ತೀನಿ. ಬರೋ ಎಳ್ಳ ಅಮಾವಾಸ್ಯಿ ಮರುದಿನಾನೂ ನಾನೇ."

ಹೊಸ್ತಿಲಲ್ಲಿ ನಿಂತು ಇದನ್ನೂ ಕೇಳಿಸಿಕೊಂಡೆ. ಇಮಾಮಸಾಬನ ತೋಳು ನೋಡಿ ಬಂದವಳು ನಾನು. ರಾತ್ರಿ ಉಣ್ಣಲು ಬಡಿಸುವಾಗ ಕೇಳಿದೆ, "ನಿಮಗ ಹೇಣ್ತಿ ಒಬ್ಬಾಕಿ ಇದಾಳಂಬೋದು ನೆಪ್ಪದ ಇಲ್ಲೋ?" ಅವರು ತಲೆ ಎತ್ತದೆ, "ನೆಪ್ಪಿರೋದಕ್ಕೇ ಡೊಂಕು ಹಾಕಾಕತ್ತೀನಿ" ಎಂದರು.

ಕೊಳವೆ ಬಗ್ಗಿಸುವುದನ್ನು ನೋಡಿದವರಿಗೇ ಗೊತ್ತು ಅದರ ಚಂದ. ಟೊಳ್ಳು ಕೊಳವೆಯನ್ನು ಕಾಸಿ ಹಾಗೇ ಬಗ್ಗಿಸಿದರೆ ಮಡಿಕೆ ಬಿದ್ದು ಚಪ್ಪಟೆಯಾಗುತ್ತದೆ. ಅದಕ್ಕೇ ಒಳಗೆ ಮರಳು ಗಿಡಿದು, ಎರಡೂ ಬಾಯಿಗೆ ಕಟ್ಟಿಗೆಯ ಗೂಟ ಬಡಿದು, ಆಮೇಲೆ ಕಾಸಬೇಕು. ಮರಳಿನಲ್ಲಿ ತುಸು ತೇವ ಉಳಿದರೂ ಅದು ಒಳಗೇ ಹಬೆಯಾಗಿ ಗೂಟವನ್ನು ಗುಂಡಿನಂತೆ ಹಾರಿಸುತ್ತದೆ. ಹಳ್ಳದ ಮರಳು ಎಷ್ಟು ಬಿಸಿಲಿಗೆ ಹರವಿದರೂ ನಮ್ಮವರಿಗೆ ನಂಬಿಕೆ ಬರಲಿಲ್ಲ. ಆಗ ಬಾಯಿ ಹಾಕಿದವಳು ನಾನು: "ಜ್ವಾಳದ ಅಳ್ಳು ಹುರಿಯೋ ಭಟ್ಟಿನ್ಯಾಗ ಹುರಿದ್ರ?"

ಹುಸೇನಬಿಯ ತವರಿನವರದು ಭಟ್ಟಿಯ ಕಸುಬು. ದೊಡ್ಡ ಕಬ್ಬಿಣದ ಬಾಣಲಿ ತಂದು ಕಾರಖಾನೆಯ ಅಂಗಳದಲ್ಲೇ ಒಲೆ ಹೂಡಿದಳು. ಕೆಲಸವಿಲ್ಲದೆ ಕೂತಿದ್ದ ಹತ್ತಿ ಬಿಡಿಸುವ ಹೆಂಗಸರೆಲ್ಲ ಬಂದರು, ಸರದಿಯ ಮೇಲೆ ಮರಳು ಹುರಿದೆವು. ಒಣಗಿದೆಯೋ ಇಲ್ಲವೋ ತಿಳಿಯಲು ಹುಸೇನಬಿ ಒಂದು ಮುಷ್ಟಿ ಜೋಳ ಎಸೆಯುತ್ತಿದ್ದಳು. ಜೋಳ ಪಟಪಟ ಅಳ್ಳಾಗಿ ಹಾರಿದರೆ ಆ ಮರಳು ಪಾಸು. ಅಳ್ಳು ನಮ್ಮ ಸೆರಗಿಗೆ, ಮರಳು ನಮ್ಮವರ ಕೊಳವೆಗೆ. ನಮ್ಮವರು ಸೊಲ್ಲಾಪುರದಲ್ಲೂ ಇಂಥ ಮರಳು ಕಂಡಿರಲಿಲ್ಲವಂತೆ. ಹಾಗೆಂದು ಅವರು ಎಲ್ಲರ ಎದುರಿಗೆ ಹುಸೇನಬಿಗೆ ಹೇಳಿದರು, ನನಗೆ ಹೇಳಲಿಲ್ಲ. ನಾನು ಮೂರು ದಿನ ಮಾತು ಬಿಟ್ಟೆ.

ಮೌನಪ್ಪನ ಕುಲುಮೆಯಲ್ಲಿ ಕೊಳವೆ ಕೆಂಪಾಯಿತು. ನೆಲದಲ್ಲಿ ನೆಟ್ಟ ಗೂಟಗಳ ಸುತ್ತ ಆಳುಗಳು ಹಗ್ಗ ಹಚ್ಚಿ ಎಳೆದರು. ನಮ್ಮವರು ಸುತ್ತ ಸುತ್ತುತ್ತ, "ಸಾವಕಾಶ, ಸಾವಕಾಶ, ಕೂಸಿಗಿ ನೀರು ಎರದಂಗ" ಎನ್ನುತ್ತಿದ್ದರು. ಆ ದಪ್ಪ ಕಬ್ಬಿಣ ಅವರ ಮಾತು ಕೇಳಿ ಬಗ್ಗಿತು. ಒಂದು ಮಡಿಕೆ ಬೀಳಲಿಲ್ಲ. ಸಿಟ್ಟಿನಲ್ಲಿದ್ದ ನಾನೂ ಬೆರಗಾಗಿ ನೋಡಿದೆ. ಮುಂಡಾಸು ಜಾರಿ, ಮೈಯೆಲ್ಲ ಮಸಿಯಾಗಿ, ಕಣ್ಣು ಮಾತ್ರ ಬೆಳಗುತ್ತಿದ್ದ ಆ ಗಂಡಸು ನನ್ನ ಗಂಡ ಎಂದು ಹೆಮ್ಮೆಯಾಯಿತು. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಡೊಂಕನ್ನು ಕಂಬದ ಮೇಲೆ ಏರಿಸಿ ಕೂಡಿಸುವ ದಿನ ಇನ್ನೊಂದು ಗದ್ದಲ. ಒಂದು ತುದಿ ಸೇರಿತು. ಇನ್ನೊಂದು ತುದಿಯಲ್ಲಿ ಒಂದು ಬೆರಳಿನಷ್ಟು ಸಂದಿ ಉಳಿಯಿತು. "ಮೋಟಾತಲ್ರೀ!" ಎಂದು ಸಾವ್ಕಾರರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೌನಪ್ಪನ ಮುಖ ಬಿಳುಪೇರಿತು.

ನಮ್ಮವರು ಮಾತ್ರ ಹಾಯಾಗಿ ಬೋಲ್ಟು ಏರಿಸುತ್ತಿದ್ದರು. "ಮೋಟ ಆಗಿಲ್ರೀ, ಮೋಟ ಇಟ್ಟೀನಿ. ಕಾದ್ರ ಇದು ಎರಡು ಬೆರಳು ಬೆಳಿತದ. ಒಂದು ಬೆರಳು ಈಗೇ ಜಗ್ಗಿ ಕಟ್ತೀನಿ. ತಣ್ಣಗಿದ್ದಾಗ ಒಂದು ಬೆರಳಿನ ಜಗ್ಗಾಟ, ಕಾದಾಗ ಒಂದು ಬೆರಳಿನ ಒತ್ತಾಟ. ತ್ರಾಸು ಅರ್ಧರ್ಧ ಹಂಚಿದ್ರ ಯಾರೂ ಮುರಿಯಂಗಿಲ್ಲ."

"ಸಂಸಾರದ ಮಾತು ಹೇಳಾಕತ್ತೀರೇನು, ಪೈಪಿನ ಮಾತೋ?" ಎಂದ ಇಮಾಮಸಾಬ, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು. ಎಲ್ಲರೂ ನಕ್ಕರು. ಬೋಲ್ಟು ಬಿಗಿದಂತೆ ಆ ಸಂದಿ ಮೆಲ್ಲಗೆ ಮುಚ್ಚಿತು, ಡೊಂಕು ಗೊತ್ತಾಗದಷ್ಟು ತುಸುವೇ ಅರಳಿತು.

ಕಾರಖಾನೆ ನಡೆಯಿತು. ನಿಂತ ಗಾಡಿಗಳು ಕರಗಿದವು. ಆದರೆ ಊರಲ್ಲಿ ಒಬ್ಬರೂ ಹೊಗಳಲಿಲ್ಲ. "ಅಮಾವಾಸ್ಯಿ ಬರ್ಲಿ" ಎಂದರು. ಅವರ ಮಾತು ತಪ್ಪಲ್ಲ, ನಮ್ಮವರೂ ಅದನ್ನೇ ಹೇಳುತ್ತಿದ್ದರು. ಪೂರಾ ತಣ್ಣಗಾಗಿ, ಪೂರಾ ಕಾದು, ಒಂದು ಸುತ್ತು ಮುಗಿದಮೇಲೇ ಕೆಲಸ ಕೆಲಸ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ಒಲೆ ಕಾಯುವವರೇ ಇರುವುದಿಲ್ಲ, ಊರಿಗೆ ಊರೇ ಹೊಲದಲ್ಲಿ. ಸಾವ್ಕಾರರ ಹೊಲದಲ್ಲಿ ಜೋಳದ ದಂಟಿನ ಕೊಪ್ಪೆ ಕಟ್ಟಿ, ಐದು ಕಲ್ಲಿಟ್ಟು ಪೂಜಿಸಿ, ಎಡೆಯ ಅಡಿಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲಿದರು. ಕಾಳು ಸೊಪ್ಪಿನ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಅಂಬಲಿ. ನಮ್ಮವರು ಎರಡು ತುತ್ತು ತಿಂದಂತೆ ಮಾಡಿ ಕಾರಖಾನೆಯ ಕಡೆ ಎದ್ದು ಹೋದರು. ನಾನೂ ಭಜ್ಜಿಯನ್ನು ಎಲೆಯಲ್ಲೇ ಬಿಟ್ಟೆ. ಹೆಂಗಸರೆಲ್ಲ ಸುತ್ತ ಕೂತು ಒಡಪಿನ ಸಾಲು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳುವ ಆಟ ಹೂಡಿದರು. ಸರದಿ ನನಗೆ ಬಂತು.

"ಹೇಳು ನೀಲವ್ವಾ, ಫಿಟ್ಟರಪ್ಪನ ಹೆಸರು ಹೇಳು" ಎಂದು ಸಾವ್ಕಾರರ ಹೆಂಡತಿ ಗಲ್ಲ ಹಿಡಿದು ಕೇಳಿದರು.

ಇವತ್ತು ಹೆಸರು ಹೇಳಿ ನಾಳೆ ಏನಾದರೂ ಆದರೆ? "ನಾಳಿ ಹೇಳ್ತೀನ್ರೀ ಅಕ್ಕಾ" ಎಂದೆ. ಅವರಿಗೆ ಅರ್ಥವಾಯಿತು, ಮತ್ತೆ ಕೇಳಲಿಲ್ಲ. ನನ್ನ ತಲೆ ನೇವರಿಸಿ ಮುಂದಿನವಳ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಬಾಯ್ಲರಿಗೆ ಬೆಂಕಿ ಹಾಕಿದರು. ಅಂಗಳದ ಗೋಡೆಯಾಚೆ ಅರ್ಧ ಊರು ನಿಂತಿತ್ತು. ನಮ್ಮವರು ಎಲ್ಲರನ್ನೂ ದೂರ ಸರಿಸಿ ಒಬ್ಬರೇ ಚಕ್ರದ ಕೆಳಗೆ ಹೋಗಿ ನಿಂತರು. ನನಗೆ ಏನಾಯಿತೋ, ಹುಸೇನಬಿಯ ಕೈ ಕೊಸರಿಕೊಂಡು ನಡೆದೆ. ಹೆಂಗಸರು ಆ ಕಡೆ ಕಾಲಿಡುವ ಪದ್ಧತಿ ಇರಲಿಲ್ಲ.

"ಮನಿಗಿ ಹೋಗು" ಎಂದರು.

"ನೀವೂ ಬರ್ರಿ, ಕೂಡೇ ಹೋಗೂಣ."

ಡೊಂಕಿನ ಕಡೆ ಕೈ ತೋರಿಸಿದರು. ಆಮೇಲೆ, "ಹಂಗಾದ್ರ ಖಾಲಿ ನಿಂದರಬ್ಯಾಡ. ಡೊಂಕಿನ ಪಕ್ಕದ ಕಂಬದ ಹಂತೇಲಿ ನಿಂದರು. ಅಲ್ಲಿ ಪೈಪಿನ ಮ್ಯಾಲ ಒಂದು, ಕಂಬದ ಮ್ಯಾಲ ಒಂದು ಸುಣ್ಣದ ಗೆರಿ ಹಾಕೀನಿ. ಈಗ ಜೋಡಿ ಅವ. ಸರದ್ರ ಹೇಳು" ಎಂದರು.

ಎಳೆಯಷ್ಟು ಹಬೆ ಬಿಟ್ಟರು. ಕೊಳವೆಯೊಳಗೆ ಉಳಿದಿದ್ದ ನೀರು ಢಂ ಢಂ ಎಂದು ಬಡಿದಾಗ ಗೋಡೆಯಾಚೆ ಹೆಂಗಸರು ಚೀರಿದರು. ನಾನು ಕಣ್ಣು ಮುಚ್ಚಲಿಲ್ಲ, ಗೆರೆ ನೋಡುತ್ತಿದ್ದೆ. ಸದ್ದು ನಿಂತಿತು. ಕೊಳವೆಯಿಂದ ಕಾವು ಬಂತು, ಅಗಸೆ ಎಣ್ಣೆಯ ವಾಸನೆ ಎದ್ದಿತು. ಕೊಳವೆಯ ಕೆಳಗಿನ ಉರುಳೆ ಕಿರ್ ಎಂದು ಮಿಸುಕಿತು. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು.

"ಹೊಂಟದ್ರೀ!" ಎಂದು ಕೂಗಿದೆ.

"ಹೋಗ್ಲಿ! ಇಲ್ಲಿ ಜಾಯಿಂಟು ಒಣಾ ಅದ" ಎಂದು ಅವರೂ ಕೂಗಿದರು. ಮತ್ತಷ್ಟು ಹಬೆ ಬಿಟ್ಟರು. ಗೆರೆ ಸರಿಯುತ್ತಲೇ ಇತ್ತು, ಆ ತುದಿಯಿಂದಲೂ ಕೊಳವೆ ಬೆಳೆದು ಬರುತ್ತಿತ್ತು, ಡೊಂಕು ಎರಡೂ ಕಡೆಯಿಂದ ಮುದುಡಿ ಇಬ್ಬರಿಗೂ ಜಾಗ ಕೊಡುತ್ತಿತ್ತು. ನಮ್ಮ ಕಡೆಯ ಗೆರೆ ಒಂದು ಬೆರಳು ಸರಿದು ನಿಂತಿತು. ಆ ಕಡೆಯ ಕಂಬಕ್ಕೆ ಓಡಿದೆ, ಅಲ್ಲೂ ಒಂದು ಬೆರಳು. ಒಟ್ಟು ಎರಡು. ಅವರು ಹೇಳಿದ್ದೂ ಅಷ್ಟೇ. ಚಕ್ರದ ಮೇಲಿನ ಜಾಯಿಂಟಿನಲ್ಲಿ ಒಂದು ಹನಿ ಇಲ್ಲ. ನಾನು ಅಂಗಳದ ನಡುವೆ ನಿಂತು ಎರಡು ಬೆರಳು ಎತ್ತಿ ತೋರಿಸಿದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಗ ಇಮಾಮಸಾಬ ಜನರನ್ನು ಸೀಳಿಕೊಂಡು ಬಂದ. ಹಿಂದೆಯೇ ಹುಸೇನಬಿ. "ಸರೀರಿ ಉಸ್ತಾದ್, ಇದು ನನ್ನ ಜಾಗಾ" ಎಂದು ಸುಟ್ಟ ಕೈಯನ್ನೇ ಚಕ್ರಕ್ಕೆ ಹಾಕಿದ. ಹುಸೇನಬಿ ತಡೆಯಲಿಲ್ಲ. ಪೂರ್ತಿ ಹಬೆ ಹೋಯಿತು, ಇಂಜಿನ್ ಎದ್ದಿತು, ಒಳಗೆ ಹತ್ತಿ ಬಿಡಿಸುವ ಯಂತ್ರಗಳೆಲ್ಲ ಗುಂಯ್ ಎಂದವು. ಸಾವ್ಕಾರರು ತೆಂಗಿನಕಾಯಿ ಒಡೆದರು. ಹಳೆಯ ನಿಂಬೆಹಣ್ಣೆಲ್ಲ ಕಿತ್ತು ಹಾಕಿಸಿ, ಹೊಸದೊಂದನ್ನು ಡೊಂಕಿಗೆ ಕಟ್ಟಿದರು. ನಮ್ಮವರು ಹುಬ್ಬೇರಿಸಿದ್ದಕ್ಕೆ, "ಇರ್ಲಿ ಬಿಡ್ರಿ, ಚಂದ ಕೂಸಿಗಿ ದೃಷ್ಟಿ ಆಗ್ತದ" ಎಂದರು. ಆ ಗಲಾಟೆಯಲ್ಲಿ ನನ್ನ ಒಡಪನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಂಗಾಮು ಮುಗಿಸಿ ಕಲಬುರಗಿಗೆ ಬಂದೆವು, ಸ್ವಂತ ಸಂಸಾರದ ಚಳಿ ಕಾವಿನಲ್ಲಿ ವರ್ಷಗಳು ಕಳೆದವು. ಅವರು ಹೋಗಿಯೂ ಬಹಳ ಕಾಲವಾಯಿತು.

"ಅಮ್ಮಾ, ಆರಾಮ ಇದ್ದೀರಿಲ್ರೀ?" ಎಂದು ಆ ಫಿಟ್ಟರ್ ನೀರಿನ ತಂಬಿಗೆ ಹಿಡಿದು ನಿಂತಿದ್ದ. ನೀರು ಕುಡಿದೆ. ಎದ್ದು ಹೋಗಿ ಕಂಬದ ಪಕ್ಕ ನಿಂತೆ. ಉರುಳೆ ಓಡಾಡಿದ ಜಾಗದಲ್ಲಿ ಶಹಾಬಾದ ಕಲ್ಲು ಸವೆದು ನುಣ್ಣಗಾಗಿ, ಸಣ್ಣದೊಂದು ತಗ್ಗು ಬಿದ್ದಿತ್ತು. ಇಷ್ಟು ವರ್ಷದ ಅಮಾವಾಸ್ಯೆಗಳೆಲ್ಲ ಅದರಲ್ಲಿ ಬಂದು ಹೋಗಿದ್ದವು. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು.

"ಯಾರ್ ಮಾಡ್ಯಾರ ಅಂತ ಕೇಳ್ದೆಲ್ಲಪ್ಪ" ಎಂದೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಒಡಪು ಅದಾಗಿಯೇ ಬಾಯಿಗೆ ಬಂತು.

"ಕಾದ ಕಬ್ಬಿಣಕ್ಕ ಮೈಮುರಿಯಾಕ ಜಾಗಾ ಕೊಟ್ಟವರು, ಚಕ್ರದ ಕೆಳಗ ನಿಂತಾಗ ನನ್ನನ್ನೂ ಜೋಡಿ ನಿಲ್ಲಾಕ ಬಿಟ್ಟವರು, ಚನ್ನಮಲ್ಲಪ್ಪನವರು."

ಫಿಟ್ಟರ್ ತಲೆಯ ರುಮಾಲು ತೆಗೆದು, ಡೊಂಕಿನ ಕಡೆ ನೋಡುತ್ತ, ಮರೆಯಬಾರದೆಂಬಂತೆ ಆ ಹೆಸರನ್ನು ತಾನೂ ಒಮ್ಮೆ ಹೇಳಿದ. ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಎಷ್ಟು ದಿನವಾಗಿತ್ತೋ. ಇನ್ನೊಮ್ಮೆ ಹೇಳು ಎಂದೆ.